ಸ್ವಾರಸ್ಯ ಮೊದಲ ಸಾಲಿನಲ್ಲೇ ಬರಲಿ: ಸಾಹಿತ್ಯ ವಿಮರ್ಶೆಯ ಪ್ಯಾರಾ ಆರಂಭಿಸುವುದು ಹೇಗೆ?

ಹೈಸ್ಕೂಲಿನ ಕನ್ನಡ ಪರೀಕ್ಷೆ ಬರೆದ ಎಲ್ಲರ ಕೈಗೂ ಒಂದು ಕ್ರಮ ರೂಢಿಯಾಗಿರುತ್ತದೆ. ‘ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ’ ಎಂದು ಕೇಳಿದರೆ ಮೊದಲು ಆಯ್ಕೆ: ಈ ವಾಕ್ಯವನ್ನು ಇಂಥವರು ಬರೆದ ಇಂಥ ಕೃತಿಯಿಂದ ಆರಿಸಲಾಗಿದೆ. ಆಮೇಲೆ ಸಂದರ್ಭ: ಈ ಮಾತನ್ನು ಇಂಥವರು ಇಂಥವರಿಗೆ ಹೇಳಿದರು. ಕೊನೆಗೆ, ಜಾಗವೂ ಸಮಯವೂ ಉಳಿದಿದ್ದರೆ, ಸ್ವಾರಸ್ಯ. ಮೂರು ಅಂಕದ ಪ್ರಶ್ನೆಗೆ ಇದು ಸರಿಯಾದ ಕ್ರಮವೇ. ತೊಂದರೆ ಶುರುವಾಗುವುದು ಪದವಿಯ ಅಸೈನ್‌ಮೆಂಟಿನಲ್ಲಿ, ಎಂ.ಎ. ಸೆಮಿನಾರಿನಲ್ಲಿ, ಪತ್ರಿಕೆಗೆ ಕಳಿಸುವ ವಿಮರ್ಶೆಯಲ್ಲಿ. ಅಲ್ಲೂ ಪ್ರತಿ ಪ್ಯಾರಾ ಆಯ್ಕೆಯಿಂದ ಹೊರಟು, ಸಂದರ್ಭದಲ್ಲಿ ಸುತ್ತಾಡಿ, ನಿಜವಾಗಿ ಹೇಳಬೇಕಾದದ್ದು ಕೊನೆಯ ಅರ್ಧ ಸಾಲಿನಲ್ಲಿ ಮುದುಡಿ ಕೂತಿರುತ್ತದೆ.

ಆ ಕ್ರಮವನ್ನು ತಿರುಗಿಸಿ. ನಿಮಗೆ ಕಂಡ ಸ್ವಾರಸ್ಯವನ್ನು ಪ್ಯಾರಾದ ಮೊದಲ ವಾಕ್ಯದಲ್ಲೇ ಹೇಳಿ. ಉಳಿದ ಪ್ಯಾರಾ ಅದಕ್ಕೆ ಸಾಕ್ಷಿ ಒದಗಿಸಲಿ. ಇಂಗ್ಲಿಷ್ ವಿಭಾಗದವರು ಟಾಪಿಕ್ ಸೆಂಟೆನ್ಸ್ ಎನ್ನುವುದು ಇದನ್ನೇ. ಇಲ್ಲಿ ಮುಖ್ಯ ವಾಕ್ಯ ಎಂದಿಟ್ಟುಕೊಳ್ಳೋಣ.

ಉದಾಹರಣೆ ಇಲ್ಲದೆ ಇಂಥ ಸಲಹೆಗಳಿಂದ ಏನೂ ಆಗದು. ಆದ್ದರಿಂದ ಎಲ್ಲರಿಗೂ ಬಾಯಿಪಾಠವಿರುವ ಗೋವಿನ ಹಾಡನ್ನೇ ಎದುರಿಗಿಟ್ಟುಕೊಂಡಿದ್ದೇನೆ. ಕಾಳಿಂಗನ ದೊಡ್ಡಿ, ಪುಣ್ಯಕೋಟಿ, ಅಡ್ಡಗಟ್ಟಿದ ಹುಲಿ, ಕರುವಿಗೆ ಹಾಲೂಡಿಸಿ ಬರುತ್ತೇನೆಂಬ ಭಾಷೆ, ಹಸು ಮರಳಿ ಬಂದದ್ದು, ಹುಲಿ ಪ್ರಾಣ ಬಿಟ್ಟದ್ದು: ಕಥೆ ಹೇಳುವ ಅಗತ್ಯವೇ ಇಲ್ಲ. ಅದೇ ಇದರ ಅನುಕೂಲ. ಕಥೆ ಹೇಳಿ ಪುಟ ತುಂಬಿಸುವ ದಾರಿ ಇಲ್ಲಿ ಮುಚ್ಚಿರುತ್ತದೆ. ಜನಪದ ಹಾಡಾದ್ದರಿಂದ ಪಾಠಾಂತರಗಳಿವೆ. ನಾನು ಶಾಲೆಗಳಲ್ಲಿ ಹಾಡುವ ಚಿಕ್ಕ ಪಾಠದ ಸಾಲುಗಳನ್ನು ಬಳಸಿದ್ದೇನೆ. ನಿಮ್ಮ ಪುಸ್ತಕದಲ್ಲಿ ಪದ ಬೇರೆಯಿದ್ದರೆ ಬರೆಯುವಾಗ ಅದನ್ನೇ ಉಲ್ಲೇಖಿಸಿ.

1. ಮೊದಲು ಪೆನ್ಸಿಲ್, ಆಮೇಲೆ ಪೆನ್ನು

ಮುಖ್ಯ ವಾಕ್ಯ ಕೆಡುವುದು ಹೆಚ್ಚಾಗಿ ಬರೆಯುವಾಗಲ್ಲ, ಓದುವಾಗ. ‘ಗೋವಿನ ಹಾಡಿನಲ್ಲಿ ಸತ್ಯದ ಮಹಿಮೆ’ ಎಂಬ ತಲೆಬರಹ ಮನಸ್ಸಿನಲ್ಲಿಟ್ಟುಕೊಂಡು ಕೂತರೆ ಹಾಡನ್ನು ಓದುವ ಮೊದಲೇ ಗೊತ್ತಿದ್ದದ್ದನ್ನೇ ಮತ್ತೆ ಬರೆಯುತ್ತೀರಿ. ತಲೆಬರಹ ಬದಿಗಿಟ್ಟು ಸಾಲುಗಳ ಕೆಳಗೆ ಗೆರೆ ಎಳೆಯುತ್ತ ಹೋಗಿ. ಎಲ್ಲಿ ಎಳೆಯಬೇಕು? ಒಂದೇ ಮಾತು ಮತ್ತೆ ಬಂದಲ್ಲಿ. ಒಬ್ಬರ ಮಾತು ಇನ್ನೊಬ್ಬರ ಬಾಯಲ್ಲಿ ಕೇಳಿಸಿದಲ್ಲಿ. ನೀವು ನಿರೀಕ್ಷಿಸಿದ್ದು ಬಾರದೇ ಹೋದಲ್ಲಿ. ದನಿ ಇದ್ದಕ್ಕಿದ್ದಂತೆ ಬದಲಾದಲ್ಲಿ.

ಹಾಗೆ ಓದಿದರೆ ಗೋವಿನ ಹಾಡಿನಲ್ಲಿ ಕಣ್ಣಿಗೆ ಬೀಳುವ ಕೆಲವು ಸಂಗತಿಗಳು ಇವು. ‘ಸತ್ಯವಾಕ್ಯಕೆ ತಪ್ಪಿ ನಡೆದರೆ ಮೆಚ್ಚನಾ ಪರಮಾತ್ಮನು’ ಎನ್ನುವುದು ಹಸು. ಸ್ವಲ್ಪ ಹೊತ್ತಿನ ಮೇಲೆ ‘ಕನ್ನೆ ಇವಳನು ಕೊಂದು ತಿಂದರೆ ಮೆಚ್ಚನಾ ಪರಮಾತ್ಮನು’ ಎನ್ನುವುದು ಹುಲಿ. ಇದು ಒಂದು. ನಂಟಿನ ಮಾತುಗಳು ಹಾಡಿನ ತುಂಬ ಇವೆ: ಸತ್ಯ ‘ತಾಯಿ ತಂದೆ’, ಸತ್ಯ ‘ಬಂಧು ಬಳಗ’, ಮಂದೆಯ ಹಸುಗಳು ‘ಅಮ್ಮಗಳಿರಾ ಅಕ್ಕಗಳಿರಾ’, ಕೊನೆಗೆ ಹುಲಿಯ ಬಾಯಲ್ಲಿ ‘ಎನ್ನ ಒಡಹುಟ್ಟಕ್ಕ’. ಇದು ಎರಡು. ಮೂರನೆಯದು ‘ತಬ್ಬಲಿ’ ಎಂಬ ಪದ. ಕರು ಅದನ್ನು ತನ್ನ ಬಗ್ಗೆ ಹೇಳಿಕೊಳ್ಳುತ್ತದೆ, ತಾಯಿ ಅದನ್ನೇ ಮಂದೆಯ ಮುಂದೆ ಹೇಳುತ್ತದೆ.

ಇವು ಇನ್ನೂ ವಿಮರ್ಶೆಯಲ್ಲ, ಬರೀ ಟಿಪ್ಪಣಿ. ಆದರೆ ಒಳ್ಳೆಯ ಮುಖ್ಯ ವಾಕ್ಯ ಹುಟ್ಟುವುದು ಇಂಥ ಟಿಪ್ಪಣಿಯಿಂದಲೇ. ‘ಸತ್ಯದ ಮಹಿಮೆ’ಯಿಂದ ಅದು ಹುಟ್ಟುವುದಿಲ್ಲ.

2. ‘ಅದಕ್ಕೇನೀಗ?’ ಎಂದು ಕೇಳಿಕೊಳ್ಳಿ

ಒಂದು ಟಿಪ್ಪಣಿ ತೆಗೆದುಕೊಂಡು ಅದರ ಜೊತೆ ಜಗಳಕ್ಕೆ ಇಳಿಯಿರಿ. ‘ಮೆಚ್ಚನಾ ಪರಮಾತ್ಮನು’ ಎರಡು ಬಾರಿ ಬರುತ್ತದೆ.

ಅದಕ್ಕೇನೀಗ? ಹಾಡುಗಳಲ್ಲಿ ಸಾಲು ಮರುಕಳಿಸುವುದು ಸಹಜ.

ಆದರೆ ಇಲ್ಲಿ ಮೊದಲು ಹೇಳಿದ್ದು ಹಸು, ಎರಡನೆಯ ಬಾರಿ ಹೇಳಿದ್ದು ಹುಲಿ.

ಅದಕ್ಕೇನೀಗ?

ಮೊದಲು ಹುಲಿಯ ತರ್ಕವೇ ಬೇರೆ ಇತ್ತು. ಹಸಿದ ವೇಳೆಗೆ ಸಿಕ್ಕಿದ್ದನ್ನು ಬಿಟ್ಟರೆ ನೀನು ನುಸುಳಿ ಹೋಗುತ್ತೀ, ಮತ್ತೆ ಬರುತ್ತೀಯಾ ಎಂದು ಕೇಳಿದ ಪ್ರಾಣಿ ಅದು. ಲಾಭ ನಷ್ಟದ ಭಾಷೆ. ಕೊನೆಯಲ್ಲಿ ಅದು ದೇವರು ಮೆಚ್ಚುವ, ಮೆಚ್ಚದ ಭಾಷೆ ಆಡುತ್ತಿದೆ. ಅಂದರೆ ಹಸುವಿನ ಭಾಷೆ ಆಡುತ್ತಿದೆ.

ಅದಕ್ಕೇನೀಗ?

ಹುಲಿ ಬದಲಾಯಿತು ಎಂದು ಎಲ್ಲರೂ ಹೇಳುತ್ತಾರೆ. ‘ಕಣ್ಣ ನೀರನು ಸುರಿಸಿ ನೊಂದು’ ಎಂಬ ಸಾಲನ್ನು ಅದಕ್ಕೆ ಸಾಕ್ಷಿಯಾಗಿ ಕೊಡುತ್ತಾರೆ. ಆದರೆ ಕಣ್ಣೀರು ಕನಿಕರವನ್ನಷ್ಟೇ ತೋರಿಸುತ್ತದೆ. ಹುಲಿ ಹಸುವಿನ ಧರ್ಮವನ್ನು ತನ್ನದಾಗಿ ಮಾಡಿಕೊಂಡದ್ದು ಈ ಮರುಕಳಿಸಿದ ಸಾಲಿನಲ್ಲಿ ತಿಳಿಯುತ್ತದೆ.

ಈಗ ವಾಕ್ಯ ತಾನಾಗಿ ಬರುತ್ತದೆ:

‘ಹುಲಿ ಬದಲಾದದ್ದಕ್ಕೆ ಗೋವಿನ ಹಾಡು ಕೊಡುವ ಗಟ್ಟಿ ಸಾಕ್ಷಿ ಅದರ ಕಣ್ಣೀರಲ್ಲ, ಅದರ ಮಾತು: ಹಸು ತನಗೆ ಹಾಕಿಕೊಂಡ ಕಟ್ಟಳೆಯ ಪದಗಳಲ್ಲೇ ಹುಲಿ ತನ್ನನ್ನು ತಾನು ತಡೆಯುತ್ತದೆ.’

‘ಅದಕ್ಕೇನೀಗ?’ ಎಂದು ಎಷ್ಟು ಸಲ ಕೇಳಬೇಕು? ಉತ್ತರದಲ್ಲಿ ಹೊಸ ಸಂಗತಿ ಬರುವುದು ನಿಲ್ಲುವವರೆಗೆ. ಮುಂದಿನ ಉತ್ತರ ‘ಆದ್ದರಿಂದ ನಾವೆಲ್ಲ ಸತ್ಯವಂತರಾಗಿರಬೇಕು’ ಎಂದು ಬಂದರೆ ಒಂದು ಮೆಟ್ಟಿಲು ಮೇಲೆ ಹೋಗಿದ್ದೀರಿ, ಹಿಂದಕ್ಕೆ ಬನ್ನಿ. ನೀತಿ ಹೇಳುವುದು ಹಾಡಿನ ಕೆಲಸ. ಆ ನೀತಿಯನ್ನು ಹಾಡು ಹೇಗೆ ಕಟ್ಟಿತು ಎಂದು ತೋರಿಸುವುದು ನಿಮ್ಮದು.

3. ‘ಅಲ್ಲ’ ಎನ್ನಲು ಜಾಗ ಇದೆಯೇ?

ವಾಕ್ಯ ಸಿದ್ಧವಾದ ಮೇಲೆ ಅದೇ ಪಠ್ಯ ಓದಿದ ಸಹಪಾಠಿಯೊಬ್ಬಳನ್ನು ಎದುರಿಗೆ ಕೂರಿಸಿಕೊಂಡಂತೆ ಯೋಚಿಸಿ. ಅವಳು ‘ಅಲ್ಲ, ನನಗೆ ಹಾಗನ್ನಿಸಲಿಲ್ಲ’ ಎನ್ನಬಹುದೇ? ಎನ್ನಲು ಸಾಧ್ಯವೇ ಇಲ್ಲದಿದ್ದರೆ ನೀವು ಬರೆದದ್ದು ವಾದವಲ್ಲ, ಮಾಹಿತಿ.

ನಮ್ಮಲ್ಲಿ ಈ ಪರೀಕ್ಷೆಯಲ್ಲಿ ಸೋಲುವ ವಾಕ್ಯಗಳು ಕೆಲವೇ ಬಗೆಯವು. ಒಂದು, ಕಥೆ ಹೇಳುವುದು: ‘ಪುಣ್ಯಕೋಟಿಯು ಕರುವಿಗೆ ಹಾಲುಣಿಸಿ ಹುಲಿಯ ಬಳಿಗೆ ಮರಳುತ್ತದೆ.’ ಇದಕ್ಕೆ ಯಾರೂ ಅಲ್ಲ ಎನ್ನಲಾರರು, ಇದರ ಮುಂದೆ ಕಥೆಯ ಮುಂದಿನ ಭಾಗವನ್ನಲ್ಲದೆ ಇನ್ನೇನನ್ನೂ ಬರೆಯಲಾಗದು. ಇನ್ನೊಂದು, ಹೊಗಳಿಕೆ: ಮನೋಜ್ಞ, ಹೃದಯಂಗಮ, ಕಣ್ಣಿಗೆ ಕಟ್ಟುವಂತೆ, ಅಮೂಲ್ಯ ಕೊಡುಗೆ. ಇವು ಓದುಗನಿಗೆ ಕೃತಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಬರೆದವನಿಗೆ ಹೇಳಲು ಏನೂ ಸಿಗಲಿಲ್ಲ ಎಂಬುದನ್ನು ಮಾತ್ರ ಹೇಳುತ್ತವೆ. ಮತ್ತೊಂದು, ಚರಿತ್ರೆಯಿಂದ ಶುರು ಮಾಡುವುದು: ಕನ್ನಡ ಸಾಹಿತ್ಯಕ್ಕೆ ಸುದೀರ್ಘ ಇತಿಹಾಸವಿದೆ, ಜನಪದ ಸಾಹಿತ್ಯ ಶಿಷ್ಟ ಸಾಹಿತ್ಯದ ತಾಯಿಬೇರು, ಹೀಗೆ. ಪೀಠಿಕೆಯಲ್ಲಿ ಒಂದು ಸಲ ಸಹಿಸಬಹುದು, ಪ್ರತಿ ಪ್ಯಾರಾದ ತಲೆಯಲ್ಲಿ ಅಲ್ಲ.

ನಾಲ್ಕನೆಯದು ಹೆಚ್ಚು ಮೋಸದ್ದು. ಅದು ವಿಮರ್ಶೆಯ ಹಾಗೇ ಕಾಣುತ್ತದೆ: ‘ಇಲ್ಲಿ ಕರುಣ ರಸ ಉಕ್ಕಿ ಹರಿದಿದೆ’, ‘ಇಲ್ಲಿ ರೂಪಕಾಲಂಕಾರವಿದೆ’, ‘ಇದು ನವ್ಯ ಪ್ರಜ್ಞೆಯ ಕೃತಿ.’ ಹೆಸರಿಟ್ಟರೆ ವಾದ ಮಾಡಿದಂತಾಗುವುದಿಲ್ಲ. ಬಸವಣ್ಣನವರ ಒಂದು ವಚನ ನೋಡಿ:

ಉಳ್ಳವರು ಶಿವಾಲಯವ ಮಾಡುವರು
ನಾನೇನ ಮಾಡುವೆ ಬಡವನಯ್ಯಾ
ಎನ್ನ ಕಾಲೇ ಕಂಬ, ದೇಹವೇ ದೇಗುಲ
ಶಿರವೇ ಹೊನ್ನ ಕಳಶವಯ್ಯಾ
ಕೂಡಲಸಂಗಮದೇವಾ ಕೇಳಯ್ಯಾ
ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ

‘ಇಲ್ಲಿ ರೂಪಕಗಳಿವೆ’ ಎಂದರೆ ಹತ್ತನೆಯ ತರಗತಿಯ ವ್ಯಾಕರಣದ ಉತ್ತರ. ಆದರೆ ಆ ರೂಪಕಗಳ ಅನುಕ್ರಮ ಗಮನಿಸಿ: ಕಾಲು, ದೇಹ, ತಲೆ. ಕಂಬ, ದೇಗುಲ, ಕಳಶ. ಗುಡಿ ಕಟ್ಟುವವರು ಕಟ್ಟುವುದೂ ಹಾಗೆಯೇ, ಕೆಳಗಿನಿಂದ ಮೇಲಕ್ಕೆ. ಹಾಗಾದರೆ ಮುಖ್ಯ ವಾಕ್ಯ ಹೀಗಾಗಬಹುದು: ‘ಕಟ್ಟುವ ಶಕ್ತಿ ನನಗಿಲ್ಲ ಎನ್ನುತ್ತಲೇ ಈ ವಚನ ಮೂರು ರೂಪಕಗಳಲ್ಲಿ ಒಂದು ಗುಡಿಯನ್ನು ಬುಡದಿಂದ ಕಳಶದವರೆಗೆ ಕಟ್ಟಿ ಮುಗಿಸುತ್ತದೆ.’ ಅಲಂಕಾರದ ಹೆಸರು ಇಲ್ಲೂ ಇದೆ, ಆದರೆ ಈಗ ಅದಕ್ಕೊಂದು ಕೆಲಸ ಸಿಕ್ಕಿದೆ.

ವಾದ ಮಾಡಬೇಕೆಂಬ ಉತ್ಸಾಹದಲ್ಲಿ ಇನ್ನೊಂದು ತುದಿಗೆ ಜಾರುವವರೂ ಇದ್ದಾರೆ. ‘ಗೋವಿನ ಹಾಡು ವಾಸ್ತವವಾಗಿ ಹುಲಿಯ ದುರಂತ ಕಾವ್ಯ’ ಎಂಬಂಥ ವಾಕ್ಯ ಕಿವಿಗೆ ಚೆನ್ನಾಗಿರುತ್ತದೆ. ಆದರೆ ಅದನ್ನು ಎತ್ತಿ ಹಿಡಿಯಲು ಪಠ್ಯದಲ್ಲಿ ಎಷ್ಟು ಸಾಲುಗಳಿವೆ? ಕನಿಷ್ಠ ಎರಡು ಕಡೆಯಿಂದ ಸಾಲು ಎತ್ತಿ ತೋರಿಸಲಾಗದಿದ್ದರೆ ಆ ವಾಕ್ಯವನ್ನು ಬಿಟ್ಟುಬಿಡಿ, ಎಷ್ಟೇ ಇಷ್ಟವಾಗಿದ್ದರೂ.

4. ಕ್ರಿಯಾಪದ ನೋಡಿಕೊಳ್ಳಿ

ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಓದುಗ ಅಲ್ಲಿಯವರೆಗೆ ಕಾಯುತ್ತಾನೆ, ಏನಾಯಿತು ಎಂದು ತಿಳಿಯಲು. ಅಲ್ಲಿ ಸಿಗುವುದು ‘ಚಿತ್ರಿಸಿದ್ದಾರೆ’ ಎಂದಾದರೆ ಕಾದದ್ದು ವ್ಯರ್ಥ. ನಮ್ಮ ವಿಮರ್ಶೆಯ ಬರಹಗಳಲ್ಲಿ ವಾಕ್ಯದ ಕೊನೆಯನ್ನು ಆಕ್ರಮಿಸಿಕೊಂಡಿರುವ ಕ್ರಿಯಾಪದಗಳ ಪಟ್ಟಿ ಚಿಕ್ಕದು: ತಿಳಿಸಿದ್ದಾರೆ, ಮೂಡಿಬಂದಿದೆ, ವ್ಯಕ್ತವಾಗಿದೆ, ಬಿಂಬಿತವಾಗಿದೆ, ಕಂಡುಬರುತ್ತದೆ, ಎನ್ನಬಹುದಾಗಿದೆ. ಇವೆಲ್ಲ ಹೇಳುವುದು ಒಂದೇ: ಕೃತಿಯಲ್ಲಿ ಏನೋ ಇದೆ. ಇದೆ ಎಂಬುದು ನಮಗೂ ಗೊತ್ತು. ಆ ಏನೋ ಏನು ಮಾಡುತ್ತದೆ?

ಮೊದಲ ಕರಡು ಬರೆದ ಮೇಲೆ ಪ್ರತಿ ಮುಖ್ಯ ವಾಕ್ಯದ ಕೊನೆಯ ಪದಕ್ಕೆ ಸುತ್ತು ಹಾಕಿ. ‘ಚಿತ್ರಿಸಿದ್ದಾರೆ’ ಇದ್ದರೆ ಹೊಡೆದು ಹಾಕಿ, ಬದಲಿಗೆ ನಿಜವಾದ ಕೆಲಸದ ಹೆಸರು ಹುಡುಕಿ. ಪಠ್ಯ ಒಂದು ಸಂಗತಿಯನ್ನು ಮರೆಮಾಚುತ್ತದೆಯೇ? ಮುಂದೂಡುತ್ತದೆಯೇ? ಅಣಕಿಸುತ್ತದೆಯೇ? ಒಬ್ಬರ ಹೊರೆಯನ್ನು ಇನ್ನೊಬ್ಬರಿಗೆ ಹೊರಿಸುತ್ತದೆಯೇ? ಕಟ್ಟಿದ್ದನ್ನು ಸಡಿಲಿಸುತ್ತದೆಯೇ, ಇನ್ನಷ್ಟು ಬಿಗಿಯುತ್ತದೆಯೇ? ಸರಿಯಾದ ಕ್ರಿಯಾಪದ ಸಿಕ್ಕಿದ ಕೂಡಲೇ ಅರ್ಧ ವಾದ ಸಿಕ್ಕಿದ ಹಾಗೆ.

ಅದೇ ವಚನಕ್ಕೆ ಎರಡು ವಾಕ್ಯ ಹೋಲಿಸಿ. ‘ಈ ವಚನದಲ್ಲಿ ಬಸವಣ್ಣನವರು ಸ್ಥಾವರ ಹಾಗೂ ಜಂಗಮಗಳ ನಡುವಿನ ವ್ಯತ್ಯಾಸವನ್ನು ಮಾರ್ಮಿಕವಾಗಿ ಚಿತ್ರಿಸಿದ್ದಾರೆ.’ ಇದು ಒಂದು. ‘ಬಡವನ ಸಂಕೋಚದ ದನಿಯಲ್ಲಿ ಮಾತು ತೆಗೆದ ವಚನ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಉಳ್ಳವರ ಮೇಲೆ ತೀರ್ಪು ಕೊಡುತ್ತದೆ.’ ಇದು ಇನ್ನೊಂದು. ಎರಡನೆಯದನ್ನು ಓದಿದವನಿಗೆ ಮುಂದೆ ಏನು ಬರಬೇಕೆಂದು ಗೊತ್ತು: ಸಂಕೋಚ ಎಲ್ಲಿದೆ ತೋರಿಸು (‘ನಾನೇನ ಮಾಡುವೆ’), ತೀರ್ಪು ಎಲ್ಲಿದೆ ತೋರಿಸು (‘ಅಳಿವುಂಟು’, ‘ಅಳಿವಿಲ್ಲ’), ದನಿ ತಿರುಗಿದ್ದು ಎಲ್ಲಿ ತೋರಿಸು. ಮೊದಲನೆಯದನ್ನು ಓದಿದವನು ಏನನ್ನೂ ಕೇಳುವುದಿಲ್ಲ, ಪುಟ ಮಗುಚುತ್ತಾನೆ.

ಕರ್ತೃಪದದ ಬಗ್ಗೆಯೂ ಒಂದು ಮಾತು. ‘ಕವಿಯು ಹೇಳುತ್ತಾರೆ’ ಎಂದು ಶುರು ಮಾಡುವ ಚಟ ಎಷ್ಟು ಬೇರೂರಿದೆಯೆಂದರೆ, ಬರೆದವರು ಯಾರೆಂದೇ ತಿಳಿಯದ ಗೋವಿನ ಹಾಡಿಗೂ ವಿದ್ಯಾರ್ಥಿಗಳು ‘ಕವಿಯು’ ಎಂದೇ ಬರೆಯುತ್ತಾರೆ. ಹಾಡು, ಸಾಲು, ಪಾತ್ರ, ಪದ, ಮೌನ ಇವುಗಳಲ್ಲಿ ಒಂದನ್ನು ಕರ್ತೃ ಮಾಡಿ ನೋಡಿ. ‘ಚಿತ್ರಿಸಿದ್ದಾರೆ’ ತಾನಾಗಿ ಉದುರುತ್ತದೆ. ಒಂದು ಪದ ಏನನ್ನೂ ಚಿತ್ರಿಸಲಾರದು, ಬೇರೆ ಏನನ್ನಾದರೂ ಮಾಡಲೇಬೇಕಾಗುತ್ತದೆ.

ಉದ್ದದ ವಿಷಯ. ‘-ಆಗಿದ್ದು’, ‘-ಹೊಂದಿದ್ದು’, ‘-ಇರುವುದರಿಂದ’ ಎಂದು ಕೊಂಡಿ ಹಾಕುತ್ತ ಹೋದರೆ ಕನ್ನಡದಲ್ಲಿ ಒಂದೇ ವಾಕ್ಯ ಅರ್ಧ ಪುಟ ಓಡುತ್ತದೆ. ಮುಖ್ಯ ವಾಕ್ಯಕ್ಕೆ ಅದು ಆಗದು. ಒಂದೇ ಉಸಿರಿಗೆ ಗಟ್ಟಿಯಾಗಿ ಓದಿ ಮುಗಿಸಲು ಸಾಧ್ಯವಾಗಬೇಕು. ಆಗದಿದ್ದರೆ ಎರಡು ಮಾಡಿ.

5. ಒಂದು ಪ್ಯಾರಾ ಹೊರುವಷ್ಟೇ ಹೊರಿಸಿ

ಕಾದಂಬರಿಯ ಬಗ್ಗೆ ಬರೆಯುವಾಗ ಹೆಚ್ಚು ಎಡವುವುದು ಇಲ್ಲಿ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ತೆಗೆದುಕೊಳ್ಳಿ. ‘ಸಂಸ್ಕಾರ ಕಾದಂಬರಿ ಸಂಪ್ರದಾಯ ಮತ್ತು ಆಧುನಿಕತೆಗಳ ಸಂಘರ್ಷವನ್ನು ಶೋಧಿಸುತ್ತದೆ’ ಎಂಬುದು ಇಡೀ ಪುಸ್ತಕದ, ಅಥವಾ ಒಂದು ಪಿಎಚ್‌.ಡಿ.ಯ ಭಾರ. ಅದನ್ನು ಹತ್ತು ಸಾಲಿನ ಪ್ಯಾರಾದ ತಲೆಯ ಮೇಲಿಟ್ಟರೆ ಕೆಳಗಿನ ಸಾಲುಗಳಿಗೆ ಏನೂ ಮಾಡಲು ತೋಚುವುದಿಲ್ಲ. ಎಲ್ಲವನ್ನೂ ಮುಟ್ಟಿ ಯಾವುದನ್ನೂ ಹಿಡಿಯದೆ ಓಡುತ್ತವೆ.

ಒಂದು ಘಟನೆಗೆ ಇಳಿಯಿರಿ. ಬ್ರಾಹ್ಮಣನಾಗಿದ್ದೂ ಆಚಾರ ಬಿಟ್ಟಿದ್ದ ನಾರಣಪ್ಪ ಸತ್ತಿದ್ದಾನೆ. ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬುದು ಇತ್ಯರ್ಥವಾಗುವವರೆಗೆ ಅಗ್ರಹಾರದವರು ಊಟ ಮಾಡುವಂತಿಲ್ಲ. ಇಷ್ಟರಿಂದಲೇ ಒಂದು ವಾಕ್ಯ: ‘ಬದುಕಿದ್ದಾಗ ದೂರವಿಡಬಹುದಾಗಿದ್ದ ನಾರಣಪ್ಪ ಸತ್ತ ಮೇಲೆ ಅಗ್ರಹಾರದ ಪ್ರತಿ ಮನೆಯ ಅಡುಗೆ ಒಲೆಯನ್ನು ಹಿಡಿದು ನಿಲ್ಲಿಸುತ್ತಾನೆ.’ ಇನ್ನೂ ಚಿಕ್ಕದಕ್ಕೆ ಹೋಗಬಹುದು. ನಾರಣಪ್ಪನ ಜೊತೆ ಬಾಳಿದ್ದ ಚಂದ್ರಿ ಸಂಸ್ಕಾರದ ಖರ್ಚಿಗೆಂದು ತನ್ನ ಒಡವೆ ಬಿಚ್ಚಿಟ್ಟ ಮೇಲೆ ಬ್ರಾಹ್ಮಣರ ಲೆಕ್ಕಾಚಾರ ಬದಲಾಗುತ್ತದೆ. ವಾಕ್ಯ: ‘ಚಂದ್ರಿಯ ಬಂಗಾರ ಅಗ್ರಹಾರದ ಚರ್ಚೆಯನ್ನು ಶಾಸ್ತ್ರದಿಂದ ಕದಲಿಸಿ ಆಸೆಯ ಕಡೆಗೆ ತಿರುಗಿಸುತ್ತದೆ, ಆದರೆ ಬಾಯಲ್ಲಿ ಮಾತ್ರ ಶಾಸ್ತ್ರವೇ ಉಳಿಯುತ್ತದೆ.’ ಇದರ ಕೆಳಗೆ ಬರೆಯಬೇಕಾದದ್ದು ಸ್ಪಷ್ಟ: ಒಡವೆಗೆ ಮುಂಚಿನ ಮಾತು, ಒಡವೆಯ ನಂತರದ ಮಾತು, ಎರಡರ ನಡುವೆ ಮನಸ್ಸು ಮತ್ತು ಬಾಯಿ ಬೇರೆಯಾದ ಕಡೆಗಳು. ಸಂಪ್ರದಾಯ, ಆಧುನಿಕತೆ ಎಂಬ ದೊಡ್ಡ ಮಾತುಗಳು ಪ್ರಬಂಧದ ಪೀಠಿಕೆಯಲ್ಲಿರಲಿ. ಅಲ್ಲಿಗೆ ಓದುಗನನ್ನು ಕರೆದೊಯ್ಯುವುದು ಇಂಥ ಸಣ್ಣ ಪ್ಯಾರಾಗಳ ಕೆಲಸ.

‘ಮತ್ತು’ ಎಂಬ ಪದದ ಮೇಲೆ ಕಣ್ಣಿಡಿ. ‘ಹುಲಿಯ ಪರಿವರ್ತನೆ ಮತ್ತು ಕರುವಿನ ದುಃಖ’ ಎಂದು ಬಂದರೆ ಬಹುತೇಕ ಎರಡು ಪ್ಯಾರಾಗಳನ್ನು ಒಂದಕ್ಕೆ ತುರುಕುತ್ತಿದ್ದೀರಿ.

6. ವಾಕ್ಯ ಪ್ಯಾರಾವನ್ನು ಆಳಲಿ

ಒಂದು ಇಡೀ ಪ್ಯಾರಾ ಬರೆದು ನೋಡೋಣ. ಟಿಪ್ಪಣಿ: ‘ತಬ್ಬಲಿ’. ಮೊದಲ ಕರಡಿನ ಮುಖ್ಯ ವಾಕ್ಯ ಸಾಮಾನ್ಯವಾಗಿ ಹೀಗಿರುತ್ತದೆ: ‘ತಾಯಿ ಸಾಯಲು ಹೊರಟಾಗ ಕರುವಿಗೆ ಬಹಳ ದುಃಖವಾಗುತ್ತದೆ.’ ಇದರ ಮೇಲೆ ‘ಅದಕ್ಕೇನೀಗ?’ ಪ್ರಯೋಗಿಸಿದ ಮೇಲೆ ಸಿಕ್ಕಿದ್ದು ಕೆಳಗಿನ ಪ್ಯಾರಾದ ಮೊದಲ ವಾಕ್ಯ.

‘ಸತ್ಯವಾಕ್ಯದ ಬೆಲೆಯನ್ನು ಗೋವಿನ ಹಾಡು ಹಸುವಿನ ಸಾವಿನಲ್ಲಿ ಅಳೆಯುವುದಿಲ್ಲ, ಕರುವಿನ ತಬ್ಬಲಿತನದಲ್ಲಿ ಅಳೆಯುತ್ತದೆ. ಸಾವಿನ ನೋವನ್ನು ಹಸು ಹೇಳಿಕೊಳ್ಳುವುದೇ ಇಲ್ಲ. “ಖಂಡವಿದೆಕೋ ಮಾಂಸವಿದೆಕೋ” ಎನ್ನುವಾಗ ತನ್ನ ದೇಹವನ್ನು ಇನ್ನಾರದೋ ಎಂಬಂತೆ ಎಣಿಸಿ ಒಪ್ಪಿಸುತ್ತದೆ. ನೋವೆಲ್ಲ ಕರುವಿನ ಪ್ರಶ್ನೆಗಳಿಗೆ ಬಿಟ್ಟದ್ದು: “ಯಾರ ಮೊಲೆಯನು ಕುಡಿಯಲಮ್ಮ, ಯಾರ ಬಳಿಯಲಿ ಮಲಗಲಮ್ಮ.” ಕರು ಕೇಳುವುದು ಧರ್ಮದ ಬಗ್ಗೆಯಲ್ಲ, ಇಂದು ಸಂಜೆಯ ಹಾಲು ಮತ್ತು ಮಲಗುವ ಜಾಗದ ಬಗ್ಗೆ. ಈ ಪ್ರಶ್ನೆಗಳಿಗೆ ತಾಯಿಯ ಬಳಿಯೂ ಉತ್ತರವಿಲ್ಲ. ಅದು ಮಂದೆಯ ಕಡೆಗೆ ತಿರುಗಿ “ಮುಂದೆ ಬಂದರೆ ಹಾಯದಿರಿ, ಹಿಂದೆ ಬಂದರೆ ಒದೆಯದಿರಿ” ಎಂದು ಬೇಡುತ್ತದೆ. ತಬ್ಬಲಿಯ ಪಾಲಿಗೆ ಕಾದಿರುವ ಕೊಂಬು ಮತ್ತು ಗೊರಸು ಆ ಬೇಡಿಕೆಯಲ್ಲೇ ಕಾಣಿಸಿಬಿಡುತ್ತವೆ. ಭಾಷೆ ಕೊಟ್ಟದ್ದು ಹಸು, ಅದನ್ನು ದಿನವೂ ತೀರಿಸಬೇಕಾದದ್ದು ಕರು.’

ಪ್ಯಾರಾದ ಪ್ರತಿ ಸಾಲೂ ಮೊದಲ ವಾಕ್ಯದ ಎರಡು ಭಾಗಗಳಲ್ಲಿ ಒಂದಕ್ಕೆ ಲೆಕ್ಕ ಕೊಡುತ್ತದೆ: ‘ಸಾವಿನಲ್ಲಿ ಅಳೆಯುವುದಿಲ್ಲ’ ಎಂಬುದಕ್ಕೆ ಖಂಡ, ಮಾಂಸ, ‘ತಬ್ಬಲಿತನದಲ್ಲಿ ಅಳೆಯುತ್ತದೆ’ ಎಂಬುದಕ್ಕೆ ಮೊಲೆ, ಮಲಗು, ಹಾಯು, ಒದೆ. ಹು‌ಲಿಯ ಮಾತು ಇಲ್ಲಿ ಒಂದೂ ಇಲ್ಲ. ಅದು ಸ್ವಾರಸ್ಯವಿಲ್ಲದ್ದೆಂದಲ್ಲ, ಈ ಪ್ಯಾರಾದ್ದಲ್ಲ ಎಂದು. ‘ಕೊಟ್ಟ ಭಾಷೆಗೆ ತಪ್ಪಲಾರೆನು’ ಎಂಬ ಪ್ರಸಿದ್ಧ ಸಾಲನ್ನೂ ಬಿಟ್ಟಿದ್ದೇನೆ. ಕೈಗೆ ಸಿಕ್ಕಿದ ಒಳ್ಳೆಯ ಸಾಲನ್ನು ಬಿಡುವುದು ಕಷ್ಟ, ಗೊತ್ತು. ಆದರೆ ಮುಖ್ಯ ವಾಕ್ಯ ಬೇಕು ಎನ್ನದ ಸಾಲು ಪ್ಯಾರಾದಲ್ಲಿ ಅತಿಥಿಯೇ.

ಬರೆಯುತ್ತ ಬರೆಯುತ್ತ ಪ್ಯಾರಾ ಬೇರೆ ಕಡೆಗೆ ಹೋಗಿಬಿಟ್ಟರೆ? ಸಂತೋಷಪಡಿ. ಬಹಳ ಸಲ ಪ್ಯಾರಾದ ಕೊನೆಯ ಸಾಲು ಮೊದಲ ಸಾಲಿಗಿಂತ ಗಟ್ಟಿಯಾಗಿರುತ್ತದೆ, ಯಾಕೆಂದರೆ ಬರೆಯುವಾಗಲೇ ನಮಗೆ ವಿಷಯ ಹೊಳೆದಿರುತ್ತದೆ. ಆ ಕೊನೆಯ ಸಾಲನ್ನು ಎತ್ತಿ ತಲೆಗೆ ತನ್ನಿ, ಹಳೆಯ ಮೊದಲ ಸಾಲನ್ನು ಅಳಿಸಿ, ನಡುವಿನದನ್ನು ಹೊಸ ಮುಖ್ಯ ವಾಕ್ಯಕ್ಕೆ ತಕ್ಕಂತೆ ತಿದ್ದಿ. ನನ್ನ ಮಟ್ಟಿಗೆ ಇದು ಈ ಇಡೀ ಲೇಖನದ ಅತ್ಯಂತ ಉಪಯೋಗದ ತಂತ್ರ.

7. ಪ್ಯಾರಾದಿಂದ ಪ್ಯಾರಾಕ್ಕೆ

‘ಇದಲ್ಲದೆ’, ‘ಅಷ್ಟೇ ಅಲ್ಲದೆ’, ‘ಮುಂದುವರಿದು’ ಇವು ಕೊಂಡಿಗಳಲ್ಲ. ಹೊಸ ಪ್ಯಾರಾ ಶುರುವಾಯಿತು ಎಂಬ ಘೋಷಣೆ ಅಷ್ಟೇ, ಅದು ಕಣ್ಣಿಗೇ ಕಾಣುತ್ತದೆ. ನಿಜವಾದ ಕೊಂಡಿ ಬೇಕಿದ್ದರೆ ಹಿಂದಿನ ಪ್ಯಾರಾದ ಒಂದು ಮಾತನ್ನು ಹಿಡಿದು ಅದನ್ನು ಮುಂದಕ್ಕೋ ಎದುರಿಗೋ ತಳ್ಳಿ.

ಹುಲಿಯ ಮಾತಿನ ಬಗೆಗಿನ ಪ್ಯಾರಾ ಮುಗಿದಿದೆ ಎಂದುಕೊಳ್ಳಿ. ಮುಂದಿನದು ನಂಟಿನ ಪದಗಳ ಬಗ್ಗೆ. ‘ಇದಲ್ಲದೆ ಹಾಡಿನಲ್ಲಿ ಸಂಬಂಧಗಳ ಚಿತ್ರಣವೂ ಇದೆ’ ಎನ್ನುವ ಬದಲು: ‘ಹಸುವಿನ ಮಾತನ್ನು ಎತ್ತಿಕೊಂಡ ಹುಲಿ ಅದರ ನಂಟನ್ನೂ ಎತ್ತಿಕೊಳ್ಳುತ್ತದೆ: ತಾಯಿ, ತಂದೆ, ಬಂಧು, ಬಳಗ, ಅಮ್ಮ, ಅಕ್ಕ ಎಂದು ಹಸು ಹೆಣೆದ ಬಳಗಕ್ಕೆ “ಒಡಹುಟ್ಟಕ್ಕ” ಎನ್ನುತ್ತ ಕೊನೆಯದಾಗಿ ಸೇರುವುದು ಹುಲಿ.’ ಆಮೇಲೆ ಕರುವಿನ ಪ್ಯಾರಾಕ್ಕೆ ಬರುವಾಗ: ‘ಬಳಗ ಹುಲಿಯವರೆಗೂ ಬೆಳೆಯುವ ಈ ಹಾಡಿನಲ್ಲಿ ಒಂಟಿಯಾಗುವ ಭಯ ಒಂದೇ ಜೀವಕ್ಕೆ: ಸತ್ಯವಾಕ್ಯದ ಬೆಲೆಯನ್ನು ಹಾಡು ಕರುವಿನ ತಬ್ಬಲಿತನದಲ್ಲಿ ಅಳೆಯುತ್ತದೆ.’ ಹಿಂದೆ ಒಂಟಿಯಾಗಿ ಬರೆದ ವಾಕ್ಯ ಸಾಲಿನಲ್ಲಿ ನಿಂತಾಗ ತುಸು ಬದಲಾಯಿತು, ನೋಡಿ. ಹಾಗೆ ಬದಲಾಗಬೇಕಾದದ್ದೇ.

ಈಗ ಪರೀಕ್ಷೆ. ಪ್ರಬಂಧದ ಮುಖ್ಯ ವಾಕ್ಯಗಳನ್ನು ಮಾತ್ರ ಬೇರೆ ಹಾಳೆಗೆ ಇಳಿಸಿ, ಒಂದರ ಕೆಳಗೊಂದು. ಪ್ರಬಂಧ ಓದದ ಯಾರಿಗಾದರೂ ಕೊಡಿ. ಅದನ್ನಷ್ಟೇ ಓದಿ ಅವರು ನಿಮ್ಮ ವಾದವನ್ನು ಮರಳಿ ಹೇಳಿದರೆ ಗೆದ್ದಿರಿ. ‘ಕಥೆ ಗೊತ್ತಾಯಿತು’ ಎಂದರೆ ನೀವು ಬರೆದದ್ದು ಸಾರಾಂಶ. ಎರಡು ವಾಕ್ಯಗಳನ್ನು ಅದಲುಬದಲು ಮಾಡಿದರೂ ಏನೂ ವ್ಯತ್ಯಾಸ ಕಾಣದಿದ್ದರೆ ಅವುಗಳ ನಡುವೆ ಕೊಂಡಿಯೇ ಇಲ್ಲ.

ಕೆಲವು ಬಿಡಿ ಅನುಮಾನಗಳು

ಪ್ಯಾರಾವನ್ನು ಉಲ್ಲೇಖದಿಂದ ಶುರು ಮಾಡಬಹುದೇ? ಬೇಡ ಎನ್ನುತ್ತೇನೆ. ಮೊದಲ ಸಾಲನ್ನು ಪಠ್ಯಕ್ಕೆ ಬಿಟ್ಟುಕೊಟ್ಟರೆ ಓದುಗ ಅದನ್ನು ತನಗೆ ತೋಚಿದಂತೆ ಅರ್ಥ ಮಾಡಿಕೊಂಡು ಮುಂದೆ ಬರುತ್ತಾನೆ, ಆಮೇಲೆ ಅವನನ್ನು ನಿಮ್ಮ ದಾರಿಗೆ ಎಳೆಯಬೇಕು. ಉಲ್ಲೇಖದ ಒಂದೆರಡು ಪದ ವಾಕ್ಯದೊಳಗೆ ಬಂದರೆ ಅಡ್ಡಿಯಿಲ್ಲ.

ಪ್ರಶ್ನೆಯಿಂದ? ‘ಹುಲಿ ಯಾಕೆ ಸತ್ತಿತು?’ ಎಂದು ಕೇಳುವುದು ಭಾಷಣಕ್ಕೆ ಚೆನ್ನ. ಪ್ರಬಂಧದಲ್ಲಿ ಉತ್ತರವನ್ನೇ ಬರೆದುಬಿಡಿ.

ಮುಖ್ಯ ವಾಕ್ಯ ಎರಡನೆಯ ಸಾಲಿನಲ್ಲಿ ಬಂದರೆ? ಬರಲಿ. ಹಿಂದಿನ ಪ್ಯಾರಾದಿಂದ ದಾಟಲು ಒಂದು ಪುಟ್ಟ ವಾಕ್ಯ ಬೇಕಾಗುವುದುಂಟು. ಮೂರನೆಯದಕ್ಕೆ ಜಾರಿದರೆ ಮಾತ್ರ ಮತ್ತೆ ಆಯ್ಕೆ, ಸಂದರ್ಭಗಳ ಹಳೆಯ ದಾರಿಗೆ ಬಿದ್ದಿರಿ.

‘ನನಗೆ ಅನ್ನಿಸುವಂತೆ’ ಎಂದು ಸೇರಿಸಬೇಕೇ? ಹೆಸರು ನಿಮ್ಮದು, ಬರಹ ನಿಮ್ಮದು. ಅನ್ನಿಸಿದ್ದೂ ನಿಮಗೇ ಎಂದು ಓದುಗನಿಗೆ ಗೊತ್ತು.

ಪರೀಕ್ಷೆಯ ಕೊಠಡಿಯಲ್ಲಿ ಇಷ್ಟೆಲ್ಲ ಮಾಡಲು ಸಮಯವಿರುವುದಿಲ್ಲ. ಅಲ್ಲಿಗೆ ಒಂದು ಉಪಾಯ: ಪ್ರತಿ ಪ್ಯಾರಾದ ತಲೆಯಲ್ಲಿ ಎರಡು ಗೆರೆ ಖಾಲಿ ಬಿಟ್ಟು, ಗೊತ್ತಿರುವ ಸಾಲುಗಳಿಂದ ನೇರವಾಗಿ ಬರೆಯಲು ಶುರು ಮಾಡಿ. ಪ್ಯಾರಾ ಮುಗಿಯುವಷ್ಟರಲ್ಲಿ ಏನು ಹೇಳುತ್ತಿದ್ದೀರಿ ಎಂಬುದು ನಿಮಗೇ ಗೊತ್ತಾಗಿರುತ್ತದೆ. ಮೇಲೆ ಹೋಗಿ ಆ ಎರಡು ಗೆರೆ ತುಂಬಿ, ಮುಂದಿನ ಪ್ಯಾರಾಕ್ಕೆ ನಡೆಯಿರಿ.